ದೊಡ್ಡವರಿಗೆಂದು ಮಾಡಿದ ಗೊಂಬೆ

ಕೊರೊನಾ ಕಾಲ ಮುಗಿದು ಆಸ್ಪತ್ರೆಗಳು ಮತ್ತೆ ತಮ್ಮ ಮಾಮೂಲಿ ಗದ್ದಲಕ್ಕೆ ಮರಳಿದ ವರ್ಷದ ಮಾತಿದು. ನಾನು ಆಗ ಮಹಾರಾಷ್ಟ್ರದ ಉದಗೀರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಭಾಲ್ಕಿಯ ಕಡೆಯಿಂದ ಮದುವೆಯಾಗಿ ಬಂದವಳು ನಾನು. ಈ ಊರಿನಲ್ಲಿಯೇ ಮೂವತ್ತು ವರ್ಷ ಜನರ ಹೊಟ್ಟೆ ಕೊಯ್ದು ಹೊಲಿದಿದ್ದೇನೆ. ಜಳಕೋಟ, ನಿಲಂಗಾ, ಅತ್ತ ಬೀದರ ಗಡಿಯ ಹಳ್ಳಿಗಳಿಂದ ನಮ್ಮಲ್ಲಿಗೆ ರೋಗಿಗಳು ಬರುತ್ತಾರೆ. ಹೊಟ್ಟೆನೋವಿನ ಕಥೆಯನ್ನು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಜನ ಇವರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆ ಎಂದು ನಮ್ಮ ನರ್ಸುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ.

ದೀಪಾವಳಿ ಮುಗಿದ ವಾರ, ಬೆಳಗಿನ ಓಪಿಡಿ ಹೊತ್ತು. ಶಾಂತಯ್ಯ ಸ್ವಾಮಿಗಳು ಮೊಮ್ಮಗಳನ್ನು ತಮ್ಮ ಧೋತರದ ತುದಿಯಲ್ಲಿ ಸುತ್ತಿಕೊಂಡು ಎದೆಗವಚಿಕೊಂಡು ಬಂದರು. ಹಿಂದೆಯೇ ಮಗ ಬಸಯ್ಯ, ಸೊಸೆ. ಅವರದು ನಿಲಂಗಾ ತಾಲೂಕಿನ ಜಂಗಮರ ಮನೆತನ. ಅಲ್ಲಿಂದ ಉಮರ್ಗಾದವರೆಗೆ ಎಷ್ಟೋ ಲಿಂಗಾಯತ ಒಕ್ಕಲು ಮನೆಗಳಿಗೆ ಅವರೇ ಗುರುಗಳು. ಆ ಮನೆಗಳಲ್ಲಿ ಕೂಸಿಗೆ ಹೆಸರಿಡುವುದಕ್ಕೂ ಅವರೇ ಬರಬೇಕು, ಹೆಣ ಮಣ್ಣು ಮಾಡುವುದಕ್ಕೂ ಅವರೇ ಬರಬೇಕು. ನನ್ನ ಅತ್ತೆಯವರು ತೀರಿಕೊಂಡಾಗ ನಮ್ಮ ಮನೆಗೂ ಬಂದಿದ್ದರು. ಆ ಪರಿಚಯದ ಮೇಲೆ ಸರದಿ ಮುರಿದು ಒಳಗೆ ಬಂದರು. ನಾನು ಗದರಬೇಕೆಂದಿದ್ದವಳು ಮಗುವಿನ ಮುಖ ನೋಡಿ ಸುಮ್ಮನಾದೆ.

ಗಿರಿಜಾಗೆ ಮೂರು ವರ್ಷ. ಕಣ್ಣು ಗುಳಿಬಿದ್ದಿದ್ದವು, ತುಟಿ ಒಣಗಿತ್ತು, ಮೈ ಕಾದಿತ್ತು. ಅವಳು ಅಳುತ್ತಿರಲಿಲ್ಲ. ಅಳುವ ಮಗುವಿಗೆ ನಾನು ಹೆದರುವುದಿಲ್ಲ. ಅಳುವುದನ್ನು ಬಿಟ್ಟ ಮಗುವಿಗೆ ಹೆದರುತ್ತೇನೆ. ಎರಡು ದಿನದಿಂದ ವಾಂತಿ, ಹೊಟ್ಟೆನೋವು. ಊರ ಹತ್ತಿರವೇ ತೋರಿಸಿ ಔಷಧ, ಸಲೈನು ಎಲ್ಲ ಆಗಿತ್ತು. ವಾಂತಿಯ ಬಣ್ಣ ಯಾವುದು ಎಂದು ಕೇಳಿದೆ. ಹಸಿರು ಎಂದಳು ತಾಯಿ. ಹಸಿರು ವಾಂತಿ ಎಂದರೆ ಪಿತ್ತರಸ ಕೆಳಗೆ ಇಳಿಯಲು ದಾರಿಯಿಲ್ಲದೆ ಮೇಲಕ್ಕೆ ಬರುತ್ತಿದೆ ಎಂದು ಅರ್ಥ. ಕರುಳು ಎಲ್ಲೋ ಕಟ್ಟಿಕೊಂಡಿದೆ. ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ.

ಬಸಯ್ಯ ಒಂದು ಎಕ್ಸ್‌ರೇ ಫಿಲ್ಮ್ ತಂದಿದ್ದ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕರುಳಿನಲ್ಲಿ ಗಾಳಿ ತುಂಬಿ ಉಬ್ಬಿದ್ದು ಕಾಣುತ್ತಿತ್ತು. ಸೊಂಟದ ಮಟ್ಟದಲ್ಲಿ ಬಿಳಿ ಚುಕ್ಕೆಗಳ ಒಂದು ಸಾಲು.

"ಅದು ಉಡದಾರದ ಮಣಿ ಅದಾವ್ರೀ ಡಾಕ್ಟರ್‌ಬಾಯಿ. ಅಲ್ಲಿ ಡಾಕ್ಟರ್ ಸಾಹೇಬರೂ ಅದೇ ಅಂದರು" ಎಂದ ಬಸಯ್ಯ.

ನಮ್ಮ ಕಡೆ ಇದು ಹೊಸದಲ್ಲ. ಮಕ್ಕಳ ಸೊಂಟದಲ್ಲಿ ಕರಿದಾರ, ಅದಕ್ಕೆ ಬೆಳ್ಳಿ ಮಣಿ ಇದ್ದೇ ಇರುತ್ತವೆ. ಉಡದಾರವಿಲ್ಲದೆ ಸೊಂಟ ಒಂದು ಗಳಿಗೆಯೂ ಬರಿದಾಗಬಾರದೆಂಬ ಪದ್ಧತಿ. ಹಳೆಯದು ಸವೆದರೂ, ಮೊದಲು ಹೊಸದನ್ನು ಕಟ್ಟಿ ಆಮೇಲೆ ಅದನ್ನು ಕತ್ತರಿಸುತ್ತಾರೆ. ಹೀಗಾಗಿ ಇಲ್ಲಿಯ ಎಕ್ಸ್‌ರೇ ಕೋಣೆಗಳಲ್ಲಿ ಉಡದಾರ ಬಿಚ್ಚಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಫಿಲ್ಮಿನ ಮೇಲೆ ಸೊಂಟದ ಹತ್ತಿರ ಚುಕ್ಕೆ ಕಂಡರೆ ನಮ್ಮ ಕಣ್ಣು ತಾನಾಗಿಯೇ ಅದನ್ನು ದಾಟಿ ಮುಂದೆ ಹೋಗುತ್ತದೆ. ದೂರದ ಊರಿನ ಯಾವನೋ ಹೊಸ ಡಾಕ್ಟರು ನೋಡಿದ್ದರೆ ಪ್ರಶ್ನೆ ಕೇಳುತ್ತಿದ್ದ. ರೂಢಿ ಗೊತ್ತಿದ್ದವರು ಕೇಳುವುದಿಲ್ಲ.

ಅಂದು ನನಗೆ ಯಾಕೋ ಸಮಾಧಾನವಾಗಲಿಲ್ಲ. ಬೆಳ್ಳಿ ಮಣಿ ಟೊಳ್ಳು. ದಾರ ಹೋಗುವ ತೂತು ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣಬೇಕು. ಈ ಸಾಲಿನಲ್ಲಿ ಒಂದೆರಡು ಚುಕ್ಕೆಗಳಿಗೆ ತೂತೇ ಇರಲಿಲ್ಲ. ಅಂಚು ಚೂಪಾಗಿ, ಅಚ್ಚ ಬಿಳಿಯಾಗಿ, ಸಣ್ಣ ಗುಂಡಿಯ ಹಾಗೆ ಇದ್ದವು.

"ಉಡದಾರ ತಗೀರಿ. ಇನ್ನೊಂದು ಎಕ್ಸ್‌ರೇ ಬೇಕು" ಎಂದೆ.

ತಾಯಿ ಮಾವನ ಮುಖ ನೋಡಿದಳು. ಶಾಂತಯ್ಯನವರು ಹತ್ತಿರ ಬಂದರು. ತಮ್ಮ ಧೋತರದ ಅಂಚಿನಿಂದ ಒಂದು ಎಳೆ ಹರಿದು ಮೊಮ್ಮಗಳ ಸೊಂಟಕ್ಕೆ ಕಟ್ಟಿದರು. ಆಮೇಲೆ, "ಈಗ ಕತ್ತರಸ್ರೀ" ಎಂದರು. ನಾನು ಕತ್ತರಿಸಿದೆ.

ಹೊಸ ಫಿಲ್ಮಿನಲ್ಲಿ ಮಣಿಗಳು ಮಾಯವಾಗಿದ್ದವು. ತೂತಿಲ್ಲದ ಚುಕ್ಕೆಗಳು ಹಾಗೆಯೇ ಇದ್ದವು. ಪಕ್ಕದಿಂದ ತೆಗೆದ ಇನ್ನೊಂದು ಫಿಲ್ಮಿನಲ್ಲಿ ಅವು ಒಂದರ ಎದುರು ಒಂದು ನಿಂತಿದ್ದವು; ನಡುವೆ ಕೂದಲೆಳೆಯಷ್ಟು ಸಂದು. ನಾಣ್ಯ ನುಂಗಿದರೆ ನಾಣ್ಯ ಹೀಗೆ ನಿಲ್ಲುವುದಿಲ್ಲ. ಮ್ಯಾಗ್ನೆಟ್ ಮಾತ್ರ ಹೀಗೆ ನಿಲ್ಲುತ್ತದೆ.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮಗು ಒಂದೇ ಮ್ಯಾಗ್ನೆಟ್ ನುಂಗಿದರೆ ಅದು ಬಹಳ ಸಲ ತಾನಾಗಿ ಹೊರಬೀಳುತ್ತದೆ. ಎರಡು ನುಂಗಿದರೆ ಕಥೆಯೇ ಬೇರೆ. ಕರುಳು ಸುರುಳಿ ಸುರುಳಿಯಾಗಿ ಮಡಚಿಕೊಂಡಿರುತ್ತದೆ. ಒಂದು ಸುರುಳಿಯಲ್ಲಿರುವ ಮ್ಯಾಗ್ನೆಟ್ಟು ಪಕ್ಕದ ಸುರುಳಿಯಲ್ಲಿರುವುದನ್ನು ಎಳೆಯುತ್ತದೆ, ನಡುವೆ ಸಿಕ್ಕ ಎರಡು ಕರುಳ ಗೋಡೆಗಳನ್ನು ಇಕ್ಕಳದ ಹಾಗೆ ಹಿಡಿಯುತ್ತದೆ. ರಕ್ತ ನಿಲ್ಲುತ್ತದೆ, ಗೋಡೆ ಕೊಳೆಯುತ್ತದೆ, ತೂತು ಬೀಳುತ್ತದೆ. ಒಳಗಿನ ಹೊಲಸು ಹೊಟ್ಟೆಯೊಳಗೆ ಸೋರುತ್ತದೆ. ಗಿರಿಜಾಗೆ ಆಗಲೇ ಅದಾಗಿತ್ತೆಂದು ಅವಳ ಹೊಟ್ಟೆಯೇ ಹೇಳುತ್ತಿತ್ತು.

"ಮನ್ಯಾಗ ಮ್ಯಾಗ್ನೆಟ್ ಇದ್ದ ಸಾಮಾನು ಏನದ?" ಎಂದು ಕೇಳಿದೆ. ಬಸಯ್ಯ ಏನೂ ಇಲ್ಲವೆಂದ. ತಾಯಿ ಮಾತ್ರ ತಡೆದು ತಡೆದು ಹೇಳಿದಳು. "ಆ ಕೆಂಪು ರೋಬೋಟ್ ಗೊಂಬಿ ಅದಲ್ರೀ… ಅದರ ಕೈ ಕಾಲು ಕಿತ್ತಿ ಬರ್ತಾವ, ಮತ್ತ ಟಕ್ ಅಂತ ತಾವ ಹೋಗಿ ಹತ್ತತಾವ. ಪೋರಿಗಿ ಅದರದೇ ಹುಚ್ಚು."

"ಯಾರ ಕೊಟ್ಟಿದ್ದು?"

ಆಕೆ ಮತ್ತೆ ಮಾವನ ಮುಖ ನೋಡಿದಳು. ಅದರ ಉತ್ತರಕ್ಕೆ ಕಾಯುವಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲ.

ಇಂಥ ಚಿಕ್ಕ ಮಗುವನ್ನು ಸಾಮಾನ್ಯವಾಗಿ ನಾವು ಲಾತೂರಿಗೆ ಕಳಿಸುತ್ತೇವೆ. ಅಲ್ಲಿ ಮಕ್ಕಳ ಸರ್ಜನ್ ಇದ್ದಾರೆ. ಫೋನ್ ಮಾಡಿದೆ; ಅವರು ಕಳಿಸಿ ಎಂದರು. ಆದರೆ ಅಷ್ಟರಲ್ಲಿ ನಾಡಿ ಇನ್ನಷ್ಟು ಓಡತೊಡಗಿತ್ತು, ಕೈಕಾಲು ತಣ್ಣಗಾಗುತ್ತಿದ್ದವು. ದಾರಿಯಲ್ಲಿ ಮಗುವಿನ ಸ್ಥಿತಿ ಕೈಮೀರಿದರೆ ಆಂಬುಲೆನ್ಸಿನಲ್ಲಿ ಯಾರೇನು ಮಾಡಲಾದೀತು? ನಮ್ಮ ಅರಿವಳಿಕೆ ವೈದ್ಯರು, "ನೀವು ತೆರೀತೀನಿ ಅಂದ್ರ ನಾ ಮಲಗಿಸ್ತೀನಿ" ಎಂದರು. ಲಾತೂರಿನವರೂ ಅದೇ ಸರಿ ಎಂದರು. ಶಾಂತಯ್ಯನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮಗು ಉಳಿಯಬಹುದು, ಉಳಿಯದೆಯೂ ಇರಬಹುದು. ಅವರು ಕೊರಳಿನ ಲಿಂಗದ ಮೇಲೆ ಅಂಗೈ ಇಟ್ಟುಕೊಂಡು ತಲೆಯಾಡಿಸಿದರು.

ಹೊಟ್ಟೆ ತೆರೆದಾಗ ಕೀವು ಬಂತು. ತೊಳೆದು ಕರುಳನ್ನು ಹೊರಗೆ ತೆಗೆಯುತ್ತಾ ಹೋದೆ. ಒಂದೆಡೆ ಎರಡು ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಿಸಲು ಫೋರ್ಸೆಪ್ಸ್ ಹತ್ತಿರ ತಂದರೆ ಕರುಳೇ ಎದ್ದು ಬಂದು ಉಕ್ಕಿಗೆ ಅಂಟಿತು. ಅಷ್ಟು ವರ್ಷದ ಕೆಲಸದಲ್ಲಿ ಆ ನೋಟ ನಾನು ಕಂಡಿರಲಿಲ್ಲ. ಒಂದು ಸುರುಳಿಯಲ್ಲಿ ಎರಡು ಮ್ಯಾಗ್ನೆಟ್ ಜೋಡಿಯಾಗಿ, ಇನ್ನೊಂದರಲ್ಲಿ ಒಂದು. ಅಂಗಿಯ ಗುಂಡಿಗಿಂತ ಚಿಕ್ಕವು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದು ತೂತನ್ನು ಹೊಲಿದೆ. ಇನ್ನೊಂದು ಕಡೆ ಕರುಳು ಕಪ್ಪಾಗಿತ್ತು. ನಾಲ್ಕು ಬೆರಳಿನಷ್ಟು ತೆಗೆದು ಹಾಕಿ ಎರಡು ತುದಿ ಸೇರಿಸಿದೆ.

ಮೂರು ಸಿಕ್ಕವು ಎಂದು ಸಮಾಧಾನ ಪಡುವ ಹಾಗಿರಲಿಲ್ಲ. ಜೋಡಿಯಾಗಿ ಅಂಟಿಕೊಂಡ ಮ್ಯಾಗ್ನೆಟ್ ಎಕ್ಸ್‌ರೇಯಲ್ಲಿ ಒಂದೇ ಆಗಿ ಕಾಣುತ್ತದೆ. ಗೊಂಬೆಯಲ್ಲಿ ಒಟ್ಟು ಎಷ್ಟಿದ್ದವೆಂದು ತಿಳಿಯದೆ ಹೊಟ್ಟೆ ಮುಚ್ಚುವುದು ಹೇಗೆ? ಬಸಯ್ಯನಿಗೆ ಊರಿಗೆ ಫೋನ್ ಮಾಡಿ ಗೊಂಬೆ ನೋಡಿಸಲು ಹೇಳಿದ್ದೆ. ಸಿಸ್ಟರ್ ಥಿಯೇಟರ್ ಬಾಗಿಲಿಗೆ ಬಂದು ಹೇಳಿದರು: ಕೈ, ಕಾಲು ಸೇರುವಲ್ಲಿ ಮ್ಯಾಗ್ನೆಟ್ ಕೂರುವ ನಾಲ್ಕು ತೂತು, ನಾಲ್ಕೂ ಖಾಲಿ. ನಾನು ಕರುಳನ್ನು ಮೊದಲಿನಿಂದ ಕೊನೆಯವರೆಗೆ ಬೆರಳ ನಡುವೆ ಹಾಯಿಸಿದೆ, ಉಕ್ಕಿನ ಸಲಕರಣೆ ಉದ್ದಕ್ಕೂ ಹಿಡಿದು ನೋಡಿದೆ. ಎಲ್ಲಿಯೂ ಸೆಳೆತವಿಲ್ಲ. ಅರಿವಳಿಕೆ ವೈದ್ಯರು ಗಡಿಯಾರ ನೋಡುತ್ತಿದ್ದರು, ನನಗೆ ಅವರ ಮೇಲೂ ಸಿಟ್ಟು ಬಂತು. ಸಿಸ್ಟರ್ ಮತ್ತೆ ಬಂದರು. ನಾಲ್ಕನೆಯದು ಮನೆಯ ಕಬ್ಬಿಣದ ಮಂಚದ ಕಾಲಿಗೆ ಅಂಟಿಕೊಂಡಿತ್ತಂತೆ. ಹೊಟ್ಟೆ ಮುಚ್ಚಿದೆ.

ಹೊರಗೆ ಬಂದು ಮಗು ಸದ್ಯಕ್ಕೆ ಉಳಿದಿದೆ ಎಂದು ಹೇಳಿ, ಬಟ್ಟಲಿನಲ್ಲಿ ಮ್ಯಾಗ್ನೆಟ್ ತೋರಿಸಿದೆ. ಬಸಯ್ಯನಿಗೆ ಅಷ್ಟು ಹೊತ್ತು ತಡೆದಿದ್ದ ಅಂಜಿಕೆಯೆಲ್ಲ ಸಿಟ್ಟಾಗಿ ಹೊರಬಿತ್ತು. ಅಲ್ಲಿಯೇ ನಿಂತು ಯಾರಿಗೋ ಫೋನ್ ಹಚ್ಚಿದ. "ಸತ್ತ ನಿಮ್ಮ ಮಗನ ಸಾಮಾನ ನನ್ನ ಮಗಳ ಹೊಟ್ಟ್ಯಾಗಿಂದ ತಗದಾರ, ಕಾಶಿಬಾಯಿ! ಇನ್ನ ಮ್ಯಾಲ ನಿಮ್ಮ ಮನಿ ಹೊಸ್ತಲಾ ನಾವ ತುಳಿಯಂಗಿಲ್ಲ" ಎಂದು ಕಿರುಚಿದ.

ಗೊಂಬೆ ಎಲ್ಲಿಂದ ಬಂತೆಂದು ಶಾಂತಯ್ಯನವರಿಂದ ಆಮೇಲೆ ತಿಳಿಯಿತು. ಕಾಶಿಬಾಯಿ ಉಮರ್ಗಾದವರು, ಅವರದು ಹೊಲಮನೆಯಿರುವ ಸ್ಥಿತಿವಂತ ಮನೆತನ. ಒಬ್ಬನೇ ಮಗ ಮಲ್ಲಿನಾಥ. ವಯಸ್ಸು ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಹೈವೇ ಪಕ್ಕ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ರೋಬೋಟ್ ಗೊಂಬೆಗಳನ್ನು ತರಿಸಿ ತರಿಸಿ ತನ್ನ ಕೋಣೆಯ ಗಾಜಿನ ಕಪಾಟಿನಲ್ಲಿ ಪೆಟ್ಟಿಗೆ ಸಮೇತ ಜೋಡಿಸುತ್ತಿದ್ದ. ದಸರೆ ಮುಗಿದ ಮೇಲೆ ಹೈವೇಯಲ್ಲಿ ಬೈಕಿಗೆ ಲಾರಿ ತಾಗಿ ತೀರಿಕೊಂಡ. ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಸತ್ತವನ ಕಾರ್ಯದ ದಿನ ಅವನು ಬಳಸಿದ ಹಾಸಿಗೆ, ಬಟ್ಟೆ, ತಂಬಿಗೆ ಜಂಗಮರಿಗೆ ದಾನ ಕೊಡುವುದು ಪದ್ಧತಿ. ಕಾಶಿಬಾಯಿ ಅವುಗಳ ಜೊತೆಗೆ ನಾಲ್ಕು ಗೊಂಬೆಗಳನ್ನೂ ಕೊಟ್ಟಿದ್ದರು. ಅವನಿಗೆ ಬಹಳ ಪ್ರೀತಿಯವು, ಸ್ವಾಮಿಗಳ ಮನೆಯ ಕೂಸು ಆಡಲಿ ಎಂದು.

ನಾನು ಬಸಯ್ಯನ ಕೈಯಿಂದ ಫೋನ್ ಕಿತ್ತುಕೊಂಡೆ. ನಾನು ಯಾರೆಂದು ಹೇಳಿ, "ಪೋರಿ ಜೀವಂತ ಅದ್ರೀ. ಆ ಗೊಂಬಿ ಡಬ್ಬಿ ಅದಾವೇನು ನಿಮ್ಮ ಹಂತ್ಯಾಕ?" ಎಂದು ಕೇಳಿದೆ. ಮ್ಯಾಗ್ನೆಟ್ಟಿನ ಮೇಲೆ ಯಾವ ಲೋಹ ಬಳಿದಿದ್ದಾರೆಂದು ತಿಳಿಯಬೇಕಿತ್ತು. ಹೊಟ್ಟೆಯ ಆಮ್ಲಕ್ಕೆ ಅದು ಕರಗಿದ್ದರೆ ಇನ್ನೊಂದು ತೊಂದರೆ. "ಅದಾವ್ರೀ. ಒಗೀಲಿಕ್ಕೆ ಮನಸ ಬರಲಿಲ್ಲ" ಎಂಬ ಮಾತು ಕೇಳಿಸಿತು.

ನನ್ನ ತಂಗಿಯ ಮಗಳು ಶ್ರುತಿ ಪುಣೆಯ ಆಟಿಕೆ ಕಂಪನಿಯೊಂದರಲ್ಲಿ ಡಿಸೈನರ್. ಅವಳ ಕೆಲಸವನ್ನು ನಾನು ಅಲ್ಲಿಯವರೆಗೆ ಗಂಭೀರವಾಗಿ ತೆಗೆದುಕೊಂಡವಳಲ್ಲ. ಗೊಂಬೆ ಮಾಡಲಿಕ್ಕೆ ಇಂಜಿನಿಯರಿಂಗ್ ಓದಬೇಕೇ ಎಂದು ಎಷ್ಟೋ ಸಲ ಛೇಡಿಸಿದ್ದೆ. ಅಂದು ಸಂಜೆ ನಾನೇ ಫೋನ್ ಮಾಡಿ ಜಗಳಕ್ಕೆ ನಿಂತೆ. ಮಕ್ಕಳ ಗೊಂಬೆಯಲ್ಲಿ ಇಂಥ ಮ್ಯಾಗ್ನೆಟ್ ಇಡುವವರು ಮನುಷ್ಯರೋ ರಾಕ್ಷಸರೋ ಎಂದು ಕೇಳಿದೆ. ಅವಳು ಗೊಂಬೆಯ ಫೋಟೋ ಕಳಿಸಲು ಹೇಳಿದಳು. ಬಸಯ್ಯನ ಮನೆಯವರಿಂದ ತರಿಸಿ ಕಳಿಸಿದೆ.

"ದೊಡ್ಡವ್ವಾ, ಇದು ಮಕ್ಕಳ ಗೊಂಬಿ ಅಲ್ಲ. ಸಂಗ್ರಹ ಮಾಡೋ ದೊಡ್ಡವರಿಗೆ ಮಾಡಿದ್ದು" ಎಂದಳು.

ಅವಳು ವಿವರಿಸಿದ್ದನ್ನು ನಾನು ತಿಳಿದಂತೆ ಬರೆಯುತ್ತೇನೆ. ರೋಬೋಟ್ ಗೊಂಬೆ ಮಾಡಲು ಕೂತಾಗ ಮೊದಲು ತೀರ್ಮಾನವಾಗುವುದು ಅದರ ಬಣ್ಣವೂ ಅಲ್ಲ, ಮುಖವೂ ಅಲ್ಲ. ಅದನ್ನು ಹಿಡಿಯುವ ಕೈ ಯಾರದು ಎಂಬುದು. ಮಗುವಿನ ಕೈಯಾದರೆ, ಅದು ಗೊಂಬೆಯನ್ನು ಎಸೆಯುತ್ತದೆ, ಕಚ್ಚುತ್ತದೆ, ಅದರ ಮೇಲೆ ಕೂರುತ್ತದೆ ಎಂದು ಎಣಿಸಿಯೇ ಮಾಡಬೇಕು. ಗಂಟಲಿಗೆ ಇಳಿಯುವಷ್ಟು ಸಣ್ಣ ತುಂಡು ಕಿತ್ತು ಬರಬಾರದು. ಅದನ್ನು ಅಳೆದು ನೋಡಲು ಮಗುವಿನ ಗಂಟಲಿನಷ್ಟೇ ಅಗಲದ ಒಂದು ಕೊಳವೆ ಇರುತ್ತದೆ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಬೇಕು. ಮ್ಯಾಗ್ನೆಟ್ ಇಟ್ಟರೆ ಪ್ಲಾಸ್ಟಿಕ್ಕಿನ ಒಳಗೆ ಪೂರ್ತಿ ಹೂತಿಡಬೇಕು. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗೆ ನಮ್ಮ ದೇಶದಲ್ಲಿ ಗುಣಮುದ್ರೆ ಕಡ್ಡಾಯ. ದೊಡ್ಡವರ ಗೊಂಬೆಯ ಲೆಕ್ಕವೇ ಬೇರೆ. ಅದು ಕಪಾಟಿನಲ್ಲಿ ನಿಲ್ಲುವಂಥದ್ದು. ತೂಕ ಇರಬೇಕು, ಕೀಲುಗಳು ಬಿಗಿಯಾಗಿರಬೇಕು, ಬೆರಳ ತುದಿಯ ಕೆತ್ತನೆಯೂ ಕಾಣಬೇಕು, ಕೈ ಬದಲಿಸಿ ನಿಲುವು ಬದಲಿಸುವಂತಿರಬೇಕು. ಅದಕ್ಕೇ ಮ್ಯಾಗ್ನೆಟ್ಟನ್ನು ತೂತಿನಲ್ಲಿ ಅಂಟಿನಿಂದ ಕೂರಿಸಿ ಬಿಡುತ್ತಾರೆ. ಅದನ್ನು ಬಾಯಿಗೆ ಹಾಕುವವರು ಯಾರೂ ಇಲ್ಲವೆಂಬುದು ಅವರ ಎಣಿಕೆ.

"ಮತ್ತ ಇದರ ಬಣ್ಣ, ಕಣ್ಣು ನೋಡು. ಯಾವ ಕೂಸು ಇದನ್ನ ಬ್ಯಾಡ ಅಂತದ?" ಎಂದೆ.

"ಅದು ಖರೆ. ಸಣ್ಣವರಿದ್ದಾಗ ಸಿಗದಿದ್ದದ್ದನ್ನ ದೊಡ್ಡವರಾದ ಮ್ಯಾಲ ಕೊಳ್ಳತಾರ. ಹಂಗಾಗಿ ಬಣ್ಣಾ ಮಕ್ಕಳದೇ ಹಚ್ಚತೇವಿ. ಎಚ್ಚರಿಕಿ ಮಾತ್ರ ಡಬ್ಬಿ ಮ್ಯಾಲ ಬರದು ಕೈ ತೊಳಕೊಳ್ತೇವಿ" ಎಂದಳು. ನನಗೆ ಆ ಉತ್ತರ ಇಂದಿಗೂ ಒಪ್ಪಿಗೆಯಾಗಿಲ್ಲ. ಬಣ್ಣ ಮಕ್ಕಳದು, ಕಾಯಿದೆ ದೊಡ್ಡವರದು ಎಂದರೆ ನಡುವೆ ಸಿಕ್ಕುವುದು ಗಿರಿಜಾಳಂಥವರೇ. ಆದರೆ ಅವಳು ನನಗೆ ಸುಳ್ಳು ಹೇಳಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಫೋನ್ ಇಡುವ ಮೊದಲು ಅವಳೇ ಒಂದು ಮಾತು ಕೇಳಿದಳು: ಅಂಟು ಅಷ್ಟು ಬೇಗ ಬಿಡುವಂಥದ್ದಲ್ಲ, ಗೊಂಬೆಯನ್ನು ಯಾರಾದರೂ ಬಿಸಿನೀರಿನಲ್ಲಿ ನೆನೆಹಾಕಿದ್ದರೇ?

ಮರುದಿನ ಮಧ್ಯಾಹ್ನ ಕಾಶಿಬಾಯಿ ಬಂದರು. ಉಮರ್ಗಾದಿಂದ ನಿಲಂಗಾಕ್ಕೆ ಒಂದು ಬಸ್ಸು, ಅಲ್ಲಿಂದ ಉದಗೀರಕ್ಕೆ ಇನ್ನೊಂದು. ಒಬ್ಬರೇ ಬಂದಿದ್ದರು. ತಲೆ ತುಂಬ ಸೆರಗು, ಕೈಯಲ್ಲಿ ಬಟ್ಟೆಯ ಗಂಟು. ವಾರ್ಡಿನ ಒಳಗೆ ಬರಲಿಲ್ಲ. ಹೊರಗಿನ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆಯೇ ಕೂತರು. ಗಂಟು ಬಿಚ್ಚಿ ನಾಲ್ಕು ಪೆಟ್ಟಿಗೆಗಳನ್ನು ನನ್ನ ಕೈಗಿತ್ತರು. ಒಂದು ಮೂಲೆಯೂ ಮಡಚಿರಲಿಲ್ಲ, ಅಷ್ಟು ಜೋಪಾನವಾಗಿ ಇಟ್ಟಿದ್ದರು. ಮ್ಯಾಗ್ನೆಟ್ಟಿನ ಲೇಪ ಅಪಾಯದ್ದಲ್ಲ ಎಂದು ಅವುಗಳ ಮೇಲೆ ಓದಿ ನಿಶ್ಚಿಂತಳಾದೆ. ಶ್ರುತಿ ಹೇಳಿದಂತೆ, ಇದು ಆಟಿಕೆಯಲ್ಲ, ಹದಿನೈದು ವರ್ಷ ಮೇಲ್ಪಟ್ಟವರಿಗೆ ಎಂದು ಪ್ರತಿಯೊಂದರ ಹಿಂಬದಿಯಲ್ಲೂ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕಾಶಿಬಾಯಿಗೆ ಯಾವ ಅಕ್ಷರವೂ ಬಾರದು.

ಬಸಯ್ಯ ಅವರನ್ನು ಕಂಡವನೇ ವಾರ್ಡಿನಿಂದ ಹೊರಗೆ ಧಾವಿಸಿದ. "ನೋಡ್ಲಿಕ್ಕೆ ಬಂದೀರೇನು? ನಿಮ್ಮ ಮಗನ ಸಂಗಾಟ ನನ್ನ ಮಗಳನ್ನೂ ಕಳಸೂ ವಿಚಾರ ಇತ್ತೇನು?"

ಹಾಗೆ ಅನ್ನಬಾರದಿತ್ತು. ಆದರೆ ಎರಡು ದಿನ ಮಗಳ ಮಂಚದ ಪಕ್ಕ ನಿದ್ದೆಗೆಟ್ಟು ಕೂತವನನ್ನು ಬೈಯುವುದು ನನಗೂ ಆಗಲಿಲ್ಲ. ಕಾಶಿಬಾಯಿ ನನ್ನತ್ತ ತಿರುಗಿ ಕೇಳಿದರು. "ಖರೆ ಹೇಳ್ರೀ ಡಾಕ್ಟರ್‌ಬಾಯಿ. ನನ್ನ ಕೈಲೆ ಏನರೆ ತಪ್ಪಾತೇನು? ಡಬ್ಬ್ಯಾಗಿಂದ ತಗದು, ಸುಡುನೀರಾಗ ಶೀಗಿಕಾಯಿ ಹಾಕಿ ಒಂದ ದಿನ ನೆನಸಿ, ತಿಕ್ಕಿ ತೊಳದು, ಇಬೂತಿ ಹಚ್ಚಿ ಕೊಟ್ಟೀನಿ."

ಹೌದು ಎಂದರೆ ಮಗನನ್ನು ಕಳೆದುಕೊಂಡ ತಾಯಿಯ ತಲೆಯ ಮೇಲೆ ಇನ್ನೊಂದು ಕಲ್ಲು. ಇಲ್ಲ ಎಂದರೆ ಸುಳ್ಳು. ಆಸ್ಪತ್ರೆಯಲ್ಲಿ ನಿಂತು ನಾನು ಯಾರಿಗೂ ಸುಳ್ಳು ಹೇಳಿದವಳಲ್ಲ. "ಸುಡುನೀರಿಗೆ ಅಂಟು ಸಡಲ ಆಗಿರಬೇಕ್ರೀ ತಾಯಿ. ಅದೂ ಒಂದು ಕಾರಣ" ಎಂದೆ. ಆಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಬಸಯ್ಯ ಕೇಳಿತೇ ಎಂಬಂತೆ ತಂದೆಯ ಕಡೆ ನೋಡಿದ.

ಶಾಂತಯ್ಯನವರು ಬಾಗಿಲಲ್ಲಿ ನಿಂತಿದ್ದರು. ಅವರು ಬಂದು, ಗೋಡೆಗೆ ಕೈಕೊಟ್ಟು, ಕಾಶಿಬಾಯಿಯ ಎದುರು ಅದೇ ನೆಲದ ಮೇಲೆ ಕೂತರು. ಒಕ್ಕಲು ಮನೆಯವರ ಎದುರು ಜಂಗಮರು ಹಾಗೆ ಬರಿನೆಲಕ್ಕೆ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಕೆ ಗಾಬರಿಯಾಗಿ ಏಳಹೋದರು.

"ಕೂಡು ಕಾಶವ್ವ" ಎಂದರು. ಆಮೇಲೆ ಮಗನಿಗೆ ಹೇಳಿದರು. "ಬಸ್ಯಾ, ಆಕಿ ಡಬ್ಬಿ ಸಮೇತ ಕೊಡ್ಲಿಕ್ಕೆ ಬಂದಿದ್ದಳು. ಸತ್ತವರ ಸಾಮಾನ ಡಬ್ಬ್ಯಾಗ ಮುಚ್ಚಿ ಕೊಟ್ಟರ ದಾನ ಆಗಂಗಿಲ್ಲ, ಮೈಲಿಗಿ ತೊಳದು ಡಬ್ಬಿ ಬಿಟ್ಟು ಕೊಡು ಅಂತ ಹೇಳಿದಂವ ನಾನು. ಡಬ್ಬಿ ಮ್ಯಾಲ ಬರದದ್ದು ನಮ್ಮ ಮನಿಗಿ ಬರದಂಗ ಮಾಡಿದಂವನೂ ನಾನೇ. ಯಾರಿಗರೆ ಬೈಯೂದಿದ್ದರ ನನಗ ಬೈಯಿ."

ಬಸಯ್ಯ ಒಳಗೆ ಹೋಗಿ ಮಗಳ ಕಾಲ ಬಳಿ ಕೂತ. ಅವನ ಹೆಂಡತಿ ಹೊರಗೆ ಬಂದು ಕಾಶಿಬಾಯಿಯ ರಟ್ಟೆ ಹಿಡಿದು, "ಒಳಗ ಬರ್ರಿ ಅತ್ತಿ, ಪೋರಿ ಎಚ್ಚರ ಅದಾಳ" ಎಂದು ಕರೆದೊಯ್ದಳು. ಮೂವತ್ತು ವರ್ಷದಲ್ಲಿ ಆಸ್ಪತ್ರೆಯ ಪಡಸಾಲೆಯಲ್ಲಿ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವವರನ್ನು ನೂರಾರು ಮಂದಿ ನೋಡಿದ್ದೇನೆ. ತನ್ನ ಕಡೆಗೆ ಎಳೆದುಕೊಂಡವರು ಬಹಳ ಕಡಿಮೆ. ನನ್ನ ಕಣ್ಣು ತುಂಬಿತು. ಸಿಸ್ಟರ್ ನೋಡುವ ಮೊದಲೇ ಒರೆಸಿಕೊಂಡೆ.

ಮುಂದಿನ ದಿನಗಳು ಕಾಯುವ ದಿನಗಳು. ಹೊಲಿದ ಕರುಳು ಹಿಡಿಯುತ್ತದೋ ಇಲ್ಲವೋ ಎಂದು ತಿಳಿಯಲು ಒಂದೇ ಸೂಚನೆ: ಮಗು ಗಾಳಿ ಬಿಡಬೇಕು. ಅದಾದ ಬೆಳಿಗ್ಗೆ ಸಿಸ್ಟರ್ ಓಡಿ ಬಂದು ಆ ಸುದ್ದಿಯನ್ನು ಹಬ್ಬದ ಸುದ್ದಿಯಂತೆ ಹೇಳಿದರು. ಮೊದಲು ನೀರು, ಆಮೇಲೆ ಅಂಬಲಿ. ಗಿರಿಜಾ ನನ್ನನ್ನು ಕಂಡೊಡನೆ ದನಿ ತೆಗೆದು ಅಳತೊಡಗಿದಾಗ ನನ್ನ ಜೀವ ತಣ್ಣಗಾಯಿತು.

ಡಿಸ್ಚಾರ್ಜ್ ದಿನ ಕಾಶಿಬಾಯಿ ಮತ್ತೆ ಬಂದಿದ್ದರು. ಶಾಂತಯ್ಯನವರು ಊರಿನಿಂದ ಉಳಿದ ಮೂರು ಗೊಂಬೆಗಳನ್ನು ಕಾವಿ ವಸ್ತ್ರದಲ್ಲಿ ಸುತ್ತಿ ತರಿಸಿದ್ದರು. ಕೆಂಪು ಗೊಂಬೆಯನ್ನು ಬಸಯ್ಯ ಮನೆಯಲ್ಲಿಯೇ ಒಡೆದು ಹಾಕಿದ್ದ. ಆ ಗಂಟನ್ನು ಅವರು ಕಾಶಿಬಾಯಿಯ ಮುಂದೆ ಹಿಡಿದರು. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು. "ಅಪ್ಪಾವರ, ದಾನ ಕೊಟ್ಟದ್ದು ಹೊಳ್ಳಿ ಹ್ಯಾಂಗ ಒಯ್ಯಲಿ? ನನ್ನ ಮಗನಿಗೆ ಮುಟ್ಟಂಗಿಲ್ಲ."

"ದಾನ ಹೊಳ್ಳಿ ಕೊಡ್ಲಿಕತ್ತಿಲ್ಲ. ದಾನ ನನಗ ಮುಟ್ಟ್ಯದ, ಮಲ್ಲಿನಾಥಗೂ ಮುಟ್ಟ್ಯದ. ಇದು ನಾ ಕೊಡೂ ಪ್ರಸಾದ. ಗುರು ಕೊಟ್ಟದ್ದು ಒಲ್ಲೆ ಅಂತೀ ಏನು?"

ಆಕೆ ಸೆರಗೊಡ್ಡಿ ತೆಗೆದುಕೊಂಡರು. ನನ್ನ ಮೇಜಿನ ಮೇಲಿದ್ದ ಪೆಟ್ಟಿಗೆಗಳನ್ನು ನಾನು ಕೊಟ್ಟೆ. ಯಾವುದು ಯಾವ ಪೆಟ್ಟಿಗೆಯದೆಂದು ಆಕೆಗೆ ತಿಳಿಯಲಿಲ್ಲ. ಪೆಟ್ಟಿಗೆಯ ಮೇಲಿನ ಚಿತ್ರಕ್ಕೂ ಗೊಂಬೆಯ ಮುಖಕ್ಕೂ ಹೋಲಿಸಿ ಹೋಲಿಸಿ, ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಒಂದೊಂದನ್ನೇ ಇಟ್ಟರು. ಆಮೇಲೆ ಒಂದು ಪೆಟ್ಟಿಗೆಯ ಹಿಂಬದಿ ತಿರುಗಿಸಿ, ಇದರಲ್ಲಿ ಏನು ಬರೆದಿದೆ ಎಂದು ಕೇಳಿದರು. ನಾನು ಓದಿ ಕನ್ನಡದಲ್ಲಿ ಹೇಳಿದೆ. "ಇದು ಮಕ್ಕಳ ಆಟಿಕಿ ಅಲ್ಲ, ದೊಡ್ಡವರು ಸಂಗ್ರಹ ಮಾಡಿ ಇಟ್ಟುಕೊಳ್ಳೋದು ಅಂತ ಬರದಾರ."

"ದೊಡ್ಡವರಿಗೇನ್ರೀ?"

"ಹೌದ್ರೀ. ನಿಮ್ಮ ಮಗನಂಥವರಿಗೇ ಅಂತ ಮಾಡಿದ್ದು."

ಕಾಶಿಬಾಯಿ ಪೆಟ್ಟಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಲಗ್ನದ ಮಾತಿಗಿ ಯಾರರೆ ಮನಿಗಿ ಬಂದ್ರ ನಾ ಆ ಕ್ವಾಣಿ ಬಾಗಲಾ ಹಾಕ್ತಿದ್ದೆ. ಮೀಸಿ ಬಂದ ಮಗಾ ಖೇಳಣಿ-ಗೊಂಬಿ ಇಟಗೊಂಡಾನ ಅಂದ್ರ ಹೆಣ್ಣ ಯಾರ ಕೊಡ್ತಾರ ಅಂತ. ಬುದ್ಧಿ ಬೆಳೀಲಿಲ್ಲ ನಿನಗ ಅಂತ ಅಂವಗ ಎಲ್ಲಾರ ಮುಂದ ಅಂದೀನಿ. ಅವ್ವಾ, ಇವು ಸಣ್ಣ ಹುಡುಗೂರವಲ್ಲ ಅಂತ ಅಂವಾ ಹೇಳ್ತಿದ್ದ. ನಾ ನಂಬಲಿಲ್ಲ." ಪೆಟ್ಟಿಗೆಯನ್ನು ಮತ್ತೆ ನನ್ನ ಕಡೆ ಚಾಚಿದರು. "ಇನ್ನೊಮ್ಮೆ ಓದ್ರೀ."

ನಾನು ಇನ್ನೊಮ್ಮೆ ಓದಿದೆ.

ಮಗು ಏನಾ​ದರೂ ನುಂಗಿದೆ ಎಂದು ಬಂದರೆ, ಏನು ನುಂಗಿತು, ಎಷ್ಟು ದೊಡ್ಡದು, ಯಾವಾಗ ಎಂದು ಕೇಳಬೇಕೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಆ ದಿನದ ನಂತರ, ಕೆಲಸ ಬಿಡುವವರೆಗೂ, ನಾನು ಇನ್ನೊಂದು ಪ್ರಶ್ನೆ ಸೇರಿಸಿ ಕೇಳುತ್ತಿದ್ದೆ: ಆ ವಸ್ತು ಮೊದಲು ಯಾರದಾಗಿತ್ತು? ಎಷ್ಟೋ ಸಲ ಅದರಿಂದ ಚಿಕಿತ್ಸೆಗೆ ದಾರಿ ಸಿಕ್ಕಿದೆ. ಕೆಲವು ಸಲ ಆ ಪ್ರಶ್ನೆಗೆ ಉತ್ತರ ಕೊಡುವವರು ವಾರ್ಡಿನ ಹೊರಗೆ, ಒಳಗೆ ಬರಲು ಧೈರ್ಯವಿಲ್ಲದೆ, ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಾರೆ. ಮಗುವನ್ನು ನೋಡಿ ಮುಗಿಸಿದ ಮೇಲೆ ಹೊರಗೆ ಹೋಗಿ ಅವರ ಹತ್ತಿರವೂ ಒಂದು ಗಳಿಗೆ ಕೂರಬೇಕು.